ಗಂಟಲ ಮೇಲಿನ ಎರಡು ಬೆರಳು

ಅದು ಧೂಳೋ ಹೊಗೆಯೋ, ತಿರುವಿನ ಹತ್ತಿರ ಹಿಡಿಯಷ್ಟು ಬೂದು ಬಣ್ಣ ಮೇಲೆದ್ದು ಹಾಗೇ ಕೂತಿತು, ಬಸ್ಸಂತೂ ಅಲ್ಲ, ಬಸ್ಸಿನ ಧೂಳು ಕೂರುವುದಿಲ್ಲ, ಬಾಲದ ಹಾಗೆ ಅದರ ಬೆನ್ನಿಗೇ ಬರುತ್ತದೆ, ಇದು ಯಾರದೋ ಗಾಡಿ ಇರಬೇಕು, ಇನ್ನೂ ಹೊತ್ತಿದೆ, ಹನ್ನೊಂದರ ಬಸ್ಸು ಹನ್ನೊಂದೂಕಾಲಿಗೆ ಮೊದಲು ಎಂದಾದರೂ ಬಂದದ್ದುಂಟೇ, ಅಷ್ಟರೊಳಗೆ ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸರಿಮಾಡಿಬಿಡಬಹುದು ಎಂದುಕೊಳ್ಳುತ್ತ ಫೋನಕ್ಕ ಕತ್ತಿನ ಬೆವರು ಒರೆಸಿಕೊಳ್ಳಲು ಕೈಯೆತ್ತಿ ಅರ್ಧಕ್ಕೇ ತಡೆದಳು — ಗಂಟಲ ಮೇಲೆ ಗುರುತಿದೆಯಲ್ಲ, ಎರಡು ಬಿಳಿ ಗುರುತು, ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಿಂತು, ದೊಡ್ಡಮ್ಮ, ಹನ್ನೊಂದಕ್ಕೆ ನಿನ್ನ ಮಗಳ ಫೋನು ಬರುತ್ತೆ, ಇವತ್ತು ನಮ್ಮನೆ ಹತ್ತಿರ ಸಿಗ್ನಲ್ ಸರಿಯಿಲ್ಲ, ಬಸ್ಸು ನಿಲ್ಲೋ ಜಾಗಕ್ಕೇ ಬಂದುಬಿಡು ಎಂದಾಗ ಗಿರಣಿಯಮ್ಮ ಬಲಗೈಯ ಎರಡು ಬೆರಳು ಚಾಚಿ ಇವಳ ಗಂಟಲ ಮೇಲಿಟ್ಟು ಮಾತನ್ನು ಒತ್ತಿ ನೋಡಿದ್ದಳು, ಹಿಟ್ಟಿನ ಕೈ, ಹಿಟ್ಟು ಅಲ್ಲೇ ಉಳಿಯಿತು, ಈಗ ಪಕ್ಕದಲ್ಲೇ ಕೂತಿದ್ದಾಳೆ, ಎದುರಿಗೇ ಒರೆಸಿಕೊಂಡರೆ ಹೇಳಿದ ಸುಳ್ಳನ್ನು ಒರೆಸಿಕೊಂಡ ಹಾಗಿರುತ್ತದೆ, ಇರಲಿ. ಸುಳ್ಳು ಎಂದರೂ ಪೂರ್ತಿ ಸುಳ್ಳೇನಲ್ಲ, ಮಗಳು ಬರುತ್ತಾಳೆ, ಫೋನಿನಲ್ಲಿ ಬರುವುದಿಲ್ಲ, ಬಸ್ಸಿನಲ್ಲಿ ಬರುತ್ತಾಳೆ, ಅಷ್ಟೇ ವ್ಯತ್ಯಾಸ. ಗಿರಣಿಯಮ್ಮ ಕಲ್ಲು ಬೆಂಚಿನ ಮೇಲೆ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಾಳೆ, ಅವಳ ಹುಬ್ಬಿನ ಮೇಲೂ ಹಿಟ್ಟು, ಮುಖದಲ್ಲಿ ಏನೂ ಇಲ್ಲ, ಆ ಮುಖದಲ್ಲಿ ಎಂದೂ ಏನೂ ಇರುವುದಿಲ್ಲ, ಇದ್ದದ್ದೆಲ್ಲ ಬೆರಳಲ್ಲೇ.

ಐದು ವರ್ಷದಿಂದ ಊರಿಗೆಲ್ಲ ಒಂದೇ ಫೋನು, ಆ ಫೋನು ಇವಳ ಕೈಯಲ್ಲಿ, ಸಂಘದವರು ಎರಡು ದಿನ ಕೂರಿಸಿಕೊಂಡು ಯಾವ ಗುಂಡಿ ಏನು ಎಂದು ಕಲಿಸಿ ಕೊಟ್ಟು ಹೋದದ್ದು, ಆಮೇಲೆ ಕಲಿತದ್ದೆಲ್ಲ ತಾನೇ, ಹೆಸರೇ ಫೋನಕ್ಕ ಎಂದಾಗಿಹೋಗಿದೆ, ಮರಗೆಲಸದ ಗಂಡ ಕೂಡ ಒಂದೊಂದು ಸಲ ಮರೆತು ಫೋನಕ್ಕ ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುತ್ತಾನೆ. ಫೋನಿಗೆ ತಂತಿ ಇಲ್ಲ ಎನ್ನುವವರು ಬಂದು ನೋಡಲಿ, ಇದೆ, ಅದು ತನ್ನ ಎರಡು ಕಾಲು, ಕರೆ ಬಂತೋ, ಯಾರು ಬೇಕು, ಹತ್ತು ನಿಮಿಷ ಬಿಟ್ಟು ಮಾಡಿ ಎಂದು ಇಟ್ಟು ಹೊರಟರೆ ಮಡಕೆ ಮಾಡುವವನ ಮನೆಗೆ ನಾಲ್ಕು ನಿಮಿಷ, ಸೂಲಗಿತ್ತಿಯ ಮನೆಗೆ ಏಳು, ಕೆರೆಯಾಚೆ ಬುಟ್ಟಿ ಹೆಣೆಯುವವರಲ್ಲಿಗೆ ಹದಿನಾಲ್ಕು, ಅವರ ನಾಯಿ ಬಿಚ್ಚಿದ್ದರೆ ಹದಿನೆಂಟು, ಮಳೆ ಬಂದರೆ ಫೋನಿಗೆ ಪ್ಲಾಸ್ಟಿಕ್ ಚೀಲ, ತನಗೆ ದೇವರು ಕೊಟ್ಟ ಚರ್ಮ. ಒಂದು ಕರೆಯೂ ಇವಳ ಕೈಯಲ್ಲಿ ಹಾಳಾಗಿಲ್ಲ. ಬಂದವರು ಮಾತಾಡುವಾಗ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಲ್ಲುವುದು ತಾನೇ ಹಾಕಿಕೊಂಡ ಕಟ್ಟಳೆ, ಕಿವಿಗೆ ರೆಪ್ಪೆ ಇಲ್ಲವಲ್ಲ, ಕೇಳುವುದೆಲ್ಲ ಕೇಳುತ್ತದೆ, ಆದರೆ ಬೆನ್ನು ಹಾಕಿದರೆ ಮಾತಾಡುವವರಿಗೆ ಒಂದು ಧೈರ್ಯ, ಕೇಳಿದ್ದು ಗೋಡೆಗೂ ಗೊತ್ತು, ತನಗೂ ಗೊತ್ತು, ಇಬ್ಬರೂ ಬಾಯಿ ಬಿಡುವವರಲ್ಲ. ಇನ್ನೊಂದು ಕಟ್ಟಳೆ ಇದಕ್ಕಿಂತ ದೊಡ್ಡದು, ಯಾರಾದರೂ ಇಂಥವರಿಗೆ ಹೀಗೆ ಹೇಳು ಎಂದರೆ ಕೊಟ್ಟ ಮಾತು ಕೊಟ್ಟ ಹಾಗೇ ತಲುಪಬೇಕು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಾರೆಯವನ ಅಣ್ಣ ತೀರಿಕೊಂಡ ಸುದ್ದಿ ಬಂದಾಗ ಸಾರಣೆಯ ಹಲಗೆ ಹಿಡಿದು ನಿಂತಿದ್ದವನ ಮುಂದೆ ನಿಂತು ಬಂದಷ್ಟೇ ಮಾತನ್ನು ಹೇಳಿದಳು, ಆಮೇಲೆ ಅವನು, ನೀನು ಸುತ್ತಿ ಬಳಸಿ ಹೇಳಿದ್ರೆ ನಾನು ದಾರೀಲೇ ಬೀಳ್ತಿದ್ದೆ ಅಕ್ಕ ಎಂದ. ತನ್ನ ಭಾವನೇ ಒಂದು ಸಾಯಂಕಾಲ ಪೇಟೆಯಿಂದ ಫೋನು ಮಾಡಿ, ಬಸ್ಸು ತಪ್ಪಿತು ಅಂತ ಹೇಳಮ್ಮ ಅವಳಿಗೆ ಎಂದಾಗ ಓರಗಿತ್ತಿಯ ಹತ್ತಿರ ಹೋಗಿ, ಬಸ್ಸು ತಪ್ಪಿತು ಅಂತ ಹೇಳು ಅಂದ್ರು ಎಂದು ಅಷ್ಟನ್ನೇ ಒಪ್ಪಿಸಿದಳು, ಓರಗಿತ್ತಿ ಆ ಅಂತ ಹೇಳುವಿನಲ್ಲೇ ಎಲ್ಲವನ್ನೂ ಓದಿಕೊಂಡಳು, ಮರುದಿನ ಭಾವನ ಮುಖ ನೋಡಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಊರಿನ ಮಾತಿನ ಮುತ್ತೆಲ್ಲ ಈ ಬಟ್ಟೆಯ ಚೀಲದೊಳಗೆ ಭದ್ರವಾಗಿದೆ. ಒಂದು ಮನೆಯದನ್ನು ಬಿಟ್ಟು.

ಆ ಒಂದು ಮನೆಯಾಕೆ ಪಕ್ಕದಲ್ಲಿ ಕೂತು ಈಗ ಬೆಂಚಿನ ಕಲ್ಲನ್ನು ಬೆರಳಿಂದ ತಟ್ಟುತ್ತಿದ್ದಾಳೆ, ಅಭ್ಯಾಸ, ಏನು ಸಿಕ್ಕರೂ ಬೆರಳಿಟ್ಟು ನೋಡುವುದು, ನಲವತ್ತು ವರ್ಷ ಗಿರಣಿಯ ಸದ್ದು ಒಳಗೆ ಹೋಗಿ ಹೋಗಿ ಕಿವಿ ಎರಡೂ ಮುಚ್ಚಿಕೊಂಡವು, ಈಗ ಮೋಟಾರು ಹೇಗೆ ಓಡುತ್ತಿದೆ, ಪಟ್ಟಿ ಸಡಿಲವಾಗಿದೆಯೇ, ಕಲ್ಲು ಕಾಳಿಲ್ಲದೆ ಬರಿದೇ ತಿರುಗುತ್ತಿದೆಯೇ, ಎಲ್ಲವೂ ಬೆರಳಿಗೇ ಗೊತ್ತಾಗುವುದು, ಗಿರಣಿಯ ಮೈ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರೆ ಸಾಕು, ಇದು ಗೋಧಿ, ಇದರಲ್ಲಿ ಯಾರೋ ಕಲ್ಲು ಬೆರೆಸಿ ತಂದಿದ್ದಾರೆ, ನಿಲ್ಲಿಸು ಎನ್ನುತ್ತಾಳೆ. ಎನ್ನುತ್ತಾಳೆ ಎಂದರೆ ದನಿಯಲ್ಲಲ್ಲ. ಗಿರಣಿಯೊಳಗೆ ಕೂಗಿದರೂ ಯಾರಿಗೂ ಕೇಳಿಸದು, ಅಲ್ಲಿ ಎಲ್ಲರೂ ತುಟಿ ಆಡಿಸಿ ಕೈಬೆರಳು ತಿರುಗಿಸಿ ಮಾತಾಡುವುದು, ಅದಕ್ಕೆ ಗಿರಣಿ ಮಾತು ಎಂದೇ ಹೆಸರು, ಕಿವಿ ಹೋದ ಮೇಲೆ ಆಕೆ ಹೊರಗೂ ಅದನ್ನೇ ಉಳಿಸಿಕೊಂಡಳು, ನನ್ನ ದನಿ ನನಗೇ ಕೇಳಲ್ಲ, ಅದು ಒಡೆದಿದೆಯೋ ನೆಟ್ಟಗಿದೆಯೋ ಯಾರು ಬಲ್ಲರು, ಕಾಣದ ಸಾಮಾನು ನಾನು ಮಾರಲ್ಲ ಎಂದು ತುಟಿಯಲ್ಲೇ ಹೇಳಿ ದನಿಯ ಅಂಗಡಿಯನ್ನು ಮುಚ್ಚಿಬಿಟ್ಟಳು. ಹೊಸದಾಗಿ ಮದುವೆಯಾಗಿ ಬಂದ ವರ್ಷ ಫೋನಕ್ಕ ಕಾಳಿನ ಚೀಲ ಹೊತ್ತು ಅಲ್ಲಿಗೆ ಹೋದಾಗ ಎಲ್ಲರೂ ಬರಿದೇ ಬಾಯಿ ತೆರೆದು ಮುಚ್ಚುವುದನ್ನು ಕಂಡು ಹೆದರಿಕೊಂಡಿದ್ದಳು, ಮೂಲೆಯ ಮೂಟೆಗಳ ಮೇಲೆ ಅಡಿಯಿಂದ ಮುಡಿಯವರೆಗೆ ಹಿಟ್ಟಾಗಿ ಕೂತಿದ್ದ ಹತ್ತು ವರ್ಷದ ಹುಡುಗಿ, ಊರಿಗೆಲ್ಲ ಹಿಟ್ಟಿನ ಬೊಂಬೆ, ಇಳಿದು ಬಂದು ಇವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅಕ್ಕಾ ನನ್ನ ತುಟಿ ನೋಡು ಎಂದು ಗಿರಣಿ ಮಾತು ಕಲಿಸಿದ್ದು, ಗೋಧಿಗೆ ಹೀಗೆ, ನುಣ್ಣಗೆ ಎನ್ನಲು ಹೀಗೆ, ತರಿತರಿಗೆ ಹೀಗೆ, ಅಮ್ಮ ಕೋಪದಲ್ಲಿದ್ದಾಳೆ ಎನ್ನಲು ಹೀಗೆ, ನಗು ತಡೆಯಲಾಗದೆ ಇಬ್ಬರೂ ಹಿಟ್ಟಿನಲ್ಲಿ ಸೀನಿದ್ದು. ಅದೇ ಹುಡುಗಿ ಇಪ್ಪತ್ತು ತುಂಬಿದಾಗ ತುಂಬಿದ ಸರದಿಯ ಮುಂದೆ ಅಮ್ಮನಿಗೆ, ಈ ಗಿರಣಿ ನಿನ್ನ ಕಿವಿ ತಿಂತು, ನಾಳೆ ನನ್ನದನ್ನೂ ತಿನ್ನುತ್ತೆ, ನಾನು ಇಲ್ಲಿ ಕೂರಲ್ಲ ಎಂದಳು, ಗಿರಣಿ ಮಾತಿನಲ್ಲೇ ಎಂದಳು, ಆದ್ದರಿಂದ ಕಾಯುತ್ತಿದ್ದವರಿಗೆಲ್ಲ ಅರ್ಥವಾಯಿತು, ತಾಯಿ ಮೋಟಾರು ನಿಲ್ಲಿಸಿ, ಹಾಗಾದ್ರೆ ಈ ಬಾಗಿಲು ತುಳೀಬೇಡ ಎಂದಳು, ಅದೂ ಎಲ್ಲರಿಗೂ ಅರ್ಥವಾಯಿತು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಆ ಮನೆಯಲ್ಲಿ ಹುಟ್ಟಿಯೇ ಇಲ್ಲ. ಹುಡುಗಿ ದೂರದ ಪೇಟೆಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದಳು.

ಫೋನು ಬಂದ ಎರಡನೇ ತಿಂಗಳು ಮೊದಲ ಕರೆ, ಅಕ್ಕಾ, ನಾನು, ಅಮ್ಮನ್ನ ಕರೀತೀಯಾ, ಗಿರಣಿಗೆ ಆರು ನಿಮಿಷ, ಓಡಿದರೆ ನಾಲ್ಕು, ಓಡಿದ್ದಳು. ಬರುವುದಿಲ್ಲ ಎಂದೇ ಅಂದುಕೊಂಡಿದ್ದು, ಗಿರಣಿಯಮ್ಮ ಮಾತೇ ಆಡದೆ ಮೋಟಾರು ನಿಲ್ಲಿಸಿ ಕೈ ಕೂಡ ತೊಳೆಯದೆ ಹಿಂದೆ ಬಂದಳು, ಆಮೇಲಿನ ಪ್ರತಿ ಸಲವೂ ಹಾಗೇ, ಪುರುಸೊತ್ತಿಲ್ಲ ಎನ್ನುವವಳು ಪ್ರತಿ ಸಲವೂ ಗಿರಣಿ ನಿಲ್ಲಿಸಿ ಬರುವಳು, ಹೊತ್ತಲ್ಲದ ಹೊತ್ತಿನಲ್ಲಿ ಗಿರಣಿ ಸದ್ದು ನಿಂತರೆ ಊರಿನವರು ಮಗಳ ಫೋನು ಬಂತು ಎಂದುಕೊಳ್ಳುವಷ್ಟು. ಫೋನು ಬಾಯಿಗೆ ಅಡ್ಡ ಬಂದು ಇವಳ ತುಟಿ ಕಾಣದಾದಾಗ ಆಕೆ ಆ ಎರಡು ಬೆರಳನ್ನು ಇವಳ ಗಂಟಲ ಮೇಲಿಟ್ಟಳು, ತಣ್ಣಗಿತ್ತು, ಒರಟಾಗಿತ್ತು, ಮೈ ಜುಮ್ಮೆಂದಿತು, ಗಿರಣಿಯ ಮೈಯನ್ನು ಮುಟ್ಟುವ ಹಾಗೇ ಮುಟ್ಟಿದ್ದು. ಅಮ್ಮ ಹೇಗಿದ್ದಾಳೆ ಕೇಳಕ್ಕ ಎಂದಿತು ಫೋನು. ಇನ್ನೂ ಸತ್ತಿಲ್ಲ ಅಂತ ಹೇಳು ಎಂದವು ತುಟಿಗಳು. ಕೊಟ್ಟ ಮಾತು ಕೊಟ್ಟ ಹಾಗೇ, ಬಾಯಿ ತೆರೆದದ್ದೂ ಅದಕ್ಕೇ, ಆದರೆ ಫೋನಿನಾಚೆ ಉಸಿರು ಬಿಗಿಹಿಡಿದು ಕಾಯುವ ಸದ್ದು, ಮೂಟೆಯ ಮೇಲೆ ಕೂತ ಆ ಹಿಟ್ಟು ಮೆತ್ತಿದ ಮುಖ, ಇವಳ ಬಾಯಿಂದ ಹೊರಟದ್ದು, ಚೆನ್ನಾಗಿದ್ದೀನಿ ಅಂತಾಳೆ, ಹೊತ್ತಿಗೆ ಸರಿಯಾಗಿ ತಿಂತೀಯಾ ಅಂತ ಕೇಳ್ತಾಳೆ. ಅರ್ಥ ಒಂದೇ ತಾನೆ, ಸತ್ತಿಲ್ಲ ಎಂದರೆ ಇದ್ದಾಳೆ ಎಂದೇ, ಆ ತಿನ್ನುವ ಮಾತು ಎಲ್ಲಿಂದ ಬಂತು ಎಂದರೆ ಗೊತ್ತಿಲ್ಲ, ಆಚೆ ಹುಡುಗಿ ಅಳುತ್ತ, ತಿಂತೀನಿ ಅಂತ ಹೇಳು ಎಂದಳು. ಆ ದಿನ ಮನೆಗೆ ಬಂದು ಕನ್ನಡಿಯಲ್ಲಿ ಗಂಟಲ ಮೇಲಿನ ಎರಡು ಬಿಳಿ ಗುರುತು ನೋಡಿಕೊಂಡು ಮೂರು ಸಲ ಉಜ್ಜಿ ತೊಳೆದಿದ್ದಳು, ಸುಳ್ಳಲ್ಲ.

ಎರಡನೆಯ ಕರೆಗೆ ಒಂದೇ ಉಜ್ಜು ಸಾಕಾಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ತಾಯಿಗೂ ಮಗಳಿಗೂ ಮಾತು ಬಾರದು, ತನಗೆ ಬರುತ್ತದೆ, ಇದ್ದವರು ಇಲ್ಲದವರಿಗೆ ಕೊಡುವುದಿಲ್ಲವೇ. ತಾಯಿ, ಅಲ್ಲೇ ಸುಖವಾಗಿರಲಿ ಅನ್ನು ಎಂದರೆ ಇವಳು, ನಿನ್ನ ಸುಖವೇ ನನ್ನ ಸುಖ ಅಂತಾಳೆ ಎಂದಳು. ಮಗಳು, ಆ ಹಳೇ ಡಬ್ಬಾ ಇನ್ನೂ ಓಡ್ತಿದೆಯಾ ಎಂದರೆ ಇತ್ತ ಗಿರಣಿ ಮಾತಿನಲ್ಲಿ, ನಿನ್ನ ಮೊಣಕಾಲು ನೋವು ಹೇಗಿದೆ ಅಂತ ಕೇಳ್ತಾಳೆ ಎಂದು ತಿರುಗಿಸಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ತಾನು ಹೇಳಿದ್ದು ಬಹಳವಾದರೆ ನೂರು. ಒಂದು ಸಲವಂತೂ ಹುರುಪಿನಲ್ಲಿ, ನಿನ್ನ ಮೂಟೆಯ ಜಾಗ ಹಾಗೇ ಇಟ್ಟಿದ್ದೀನಿ ಅಂತಾಳೆ ಎಂದುಬಿಟ್ಟಳು, ತಾಯಿ ಆಗ ಹೇಳಿದ್ದು ಏನೂ ಇಲ್ಲ, ತುಟಿ ಬಿಗಿದು ನಿಂತಿದ್ದಳು ಅಷ್ಟೇ, ಆಚೆ ಒಂದು ಸೊರ್ರೆನ್ನುವ ಮೂಗು. ಇವತ್ತು ಬೆಳಿಗ್ಗೆ ಗಿರಣಿಯ ಬಾಗಿಲಲ್ಲಿ ನಿಂತಾಗ ಆ ಮೂಲೆಯತ್ತ ಕಣ್ಣು ಹಾಯಿತು, ಒಂದು ಬೆರಳು ದಪ್ಪ ಹಿಟ್ಟು ಕೂತ ಆ ಕೋಣೆಯಲ್ಲಿ ಅದೊಂದು ಮೂಟೆ ಈಗಷ್ಟೇ ಕೊಡವಿಟ್ಟ ಹಾಗೆ ಕಂಡಿತು, ಯಾಕೋ, ಇರಲಿ, ಅದನ್ನು ಯೋಚಿಸಲು ಈಗ ಹೊತ್ತಿಲ್ಲ. ಹದಿನೈದು ದಿನದ ಹಿಂದಿನ ಕರೆ ಬೇರೆ, ಆ ದನಿ ಅಳುವುದನ್ನು ಬಿಟ್ಟು ಬಹಳ ದಿನವಾದ ದನಿ, ಅಕ್ಕಾ, ಅಮ್ಮ ಹೇಳಿದ್ದನ್ನ ಹೇಳಿದ ಹಾಗೇ ಹೇಳು, ನಾನು ಬಂದ್ರೆ ಬಾಗಿಲು ತೆಗೀತಾಳಾ, ತೆಗೆಯಲ್ಲ ಅಂದ್ರೆ ಇನ್ನು ಮೇಲೆ ಫೋನೂ ಮಾಡಲ್ಲ, ಯಾಕೆ ಸುಮ್ಮನೆ ಇಬ್ಬರಿಗೂ ಹಿಂಸೆ. ಇವಳು ತಾಯಿಯ ಕಡೆ ತಿರುಗಿ ಅದೊಂದನ್ನು ನೆಟ್ಟಗೆ ಕೇಳಿದಳು, ಬರ್ತಾಳಂತೆ, ಬಾಗಿಲು ತೆಗೀತೀಯಾ. ತಾಯಿ ರಸ್ತೆಯ ಕಡೆ ನೋಡಿದಳು, ಕೈ ನೋಡಿಕೊಂಡಳು, ಕೊನೆಗೆ ತುಟಿ ಆಡಿತು, ಬಾಗಿಲು ತೆಗೆಯೋಕೆ ನನಗೆ ಪುರುಸೊತ್ತಿಲ್ಲ ಅಂತ ಹೇಳು, ಕಡ್ಡಿ ಮುರಿದ ಹಾಗೆ. ಬೆರಳು ಬಂದು ಗಂಟಲ ಮೇಲೆ ಕೂತವು, ಇವಳು ಫೋನಿಗೆ ಹೇಳಿದಳು, ಬಾ ಅಂತಾಳೆ, ಬಾಗಿಲು ತೆಗೆದೇ ಇರುತ್ತೆ ಅಂತಾಳೆ. ಹಾಗಾದ್ರೆ ಇನ್ನು ಹದಿನೈದು ದಿನಕ್ಕೆ, ಹನ್ನೊಂದರ ಬಸ್ಸಿಗೆ ಎಂದಿತು ದನಿ, ಅಷ್ಟು ಖುಷಿಯ ದನಿಯನ್ನು ಈ ಫೋನು ಕೇಳಿಯೇ ಇರಲಿಲ್ಲ. ಏನಂತೆ ಎಂದು ತಾಯಿ ಹುಬ್ಬು ಎತ್ತಿದಳು, ಮತ್ತೆ ಫೋನ್ ಮಾಡ್ತಾಳಂತೆ ಎಂದಳು ಇವಳು.

ಹೆದರಿಕೆಯಿಲ್ಲ, ಎಲ್ಲ ಲೆಕ್ಕ ಹಾಕಿಯೇ ಇಲ್ಲಿ ತಂದು ಕೂರಿಸಿದ್ದು, ಗಿರಣಿಯ ಬಾಗಿಲಲ್ಲಿ ಬೇಡ, ತುಳೀಬೇಡ ಎಂದ ಬಾಗಿಲು ಅದು, ಇಲ್ಲಾದರೆ ಬಾಗಿಲೇ ಇಲ್ಲ, ನಾಲ್ಕು ಕಂಬ, ಒಂದು ಸೂರು, ಹಿಂದೆ ಒಂದು ಗೋಡೆ, ಹುಡುಗಿ ಇಳಿಯುತ್ತಾಳೆ, ತಾನು ನಡುವೆ ನಿಲ್ಲುವುದು, ತಾಯಿ ಆಡುವುದನ್ನು ತಿದ್ದಿ ಆ ಕಡೆಗೆ, ಮಗಳು ಆಡುವುದನ್ನು ತಿದ್ದಿ ಈ ಕಡೆಗೆ, ಐದು ವರ್ಷ ಮಾಡಿದ ಕೆಲಸವೇ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಮನೆ ಸೇರುವ ಹೊತ್ತಿಗೆ ಇಬ್ಬರೂ — ಅಗೋ, ಈಗ ಎದ್ದದ್ದು ಬಾಲವಿರುವ ಧೂಳು, ತಿರುವು ದಾಟಿತು, ಬಿಸಿಲಲ್ಲಿ ಗಾಜು ಮಿಂಚಿತು, ಬಸ್ಸು, ಇನ್ನು ಏಳು ನಿಮಿಷ, ಗಿರಣಿಯಮ್ಮನಿಗೂ ಅದು ಕಂಡಿತು, ಯಾರೋ ಬರ್ತಿದ್ದಾರೆ ಎಂದು ತುಟಿ ಆಡಿಸಿದಳು, ಹೂಂ ಎಂದು ತಲೆಯಾಡಿಸಿ ಇವಳು ಎದ್ದು ನಡುವೆ ನಿಲ್ಲುವ ಜಾಗವನ್ನು ಕಾಲಿಂದ ಅಳೆದಳು, ಹುಡುಗಿ ಇಲ್ಲಿ, ತಾಯಿ ಇಲ್ಲಿ, ತಾನು — ಹುಡುಗಿ ತಾಯಿಯ ತುಟಿಯನ್ನೇ ನೋಡುತ್ತಾಳಲ್ಲ. ಗಿರಣಿ ಮಾತು ತನಗೆ ಕಲಿಸಿದವಳೇ ಅವಳಲ್ಲವೇ, ಅಕ್ಕಾ ನನ್ನ ತುಟಿ ನೋಡು ಎಂದವಳೇ ಅವಳಲ್ಲವೇ, ಮಾತು ಬರುವ ಮೊದಲೇ ಗಿರಣಿ ಮಾತು ಬಂದಿದ್ದ ಹುಡುಗಿ, ನೂರು ಹೆಜ್ಜೆ ದೂರದಿಂದ ತಾಯಿಯ ಬೈಗಳನ್ನು ಓದುತ್ತಿದ್ದವಳು, ಅವಳಿಗೆ ಮತ್ತೊಬ್ಬರು ನಡುವೆ ಯಾಕೆ. ಐದು ವರ್ಷ ಅವಳು ಬರೀ ದನಿಯಾಗಿ ಬಂದಳು, ಕಿವಿಯ ಹತ್ತಿರದ ಒಂದು ಬಿಸಿ ಉಸಿರಾಗಿ ಬಂದಳು, ಫೋನಿನಲ್ಲಿ ಬರುವವರಿಗೆ ಕಣ್ಣೂ ಇರುತ್ತದೆ ಎನ್ನುವುದೇ ಮರೆತುಹೋಗಿತ್ತು, ಇಂಥ ಮರೆವು ಊರಿನ ಬೇರೆ ಯಾರಿಗಾದರೂ ಆಗುತ್ತಿತ್ತೇ, ಫೋನಿನವಳಿಗೇ ಆಗಬೇಕು. ಇಳಿಯುತ್ತಾಳೆ, ನಗುತ್ತಾಳೆ, ತಾಯಿ, ಯಾರು ಕರೆದರು ಇವಳನ್ನ ಎನ್ನುತ್ತಾಳೆ, ಅದು ಅವಳ ಕಣ್ಣಿಗೆ ನೆಟ್ಟಗೆ ಹೋಗಿ ನಾಟುತ್ತದೆ, ಅದೇ ಬಸ್ಸಿಗೆ ಹತ್ತಿ ಹೋಗುತ್ತಾಳೆ, ಇನ್ನು ಫೋನೂ ಇಲ್ಲ, ಗಿರಣಿ ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲುವುದೂ ಇಲ್ಲ, ಮುರಿದದ್ದು ಗಿರಣಿಯಮ್ಮ ಅಲ್ಲ, ಮಗಳೂ ಅಲ್ಲ, ತಾನು. ಆಮೇಲೆ ಊರು, ಫೋನಕ್ಕ ಮಾತು ಬದಲಾಯಿಸ್ತಾಳಂತೆ, ಗಾರೆಯವನು ತನ್ನ ಅಣ್ಣನ ಸುದ್ದಿಯನ್ನೂ ಮತ್ತೊಮ್ಮೆ ತಿರುವಿ ನೋಡಿಯಾನು, ಸರಿ, ಅದು ಆದರೆ ಆಗಲಿ, ತನ್ನ ಹೆಸರು ಹೋದರೆ ಹೋಗಲಿ, ಆದರೆ ಆ ಖುಷಿಯ ದನಿ, ಹನ್ನೊಂದರ ಬಸ್ಸಿಗೆ ಎಂದ ಆ ದನಿ.

ಐದು ನಿಮಿಷ. ಇಷ್ಟು ವರ್ಷ ಐದು ನಿಮಿಷದಲ್ಲಿ ಏನೇನು ಮಾಡಿಲ್ಲ, ಈ ಫೋನಿನಲ್ಲಿ ಜನ ಮಗುವಿಗೆ ಹೆಸರಿಟ್ಟಿದ್ದಾರೆ, ಮನೆ ಕೊಂಡಿದ್ದಾರೆ, ತಾನು ಸೂಲಗಿತ್ತಿಯನ್ನು ನಿದ್ದೆಯಿಂದ ಎಬ್ಬಿಸಿ ಓಡಿಸಿದ್ದಾಳೆ, ಐದು ನಿಮಿಷ ಸಾಕು, ನಿಜ ಹೇಳಲು ಅಷ್ಟು ಬೇಕಾಗುವುದೂ ಇಲ್ಲ. ಫೋನಕ್ಕ ಬೆಂಚಿನ ಮುಂದೆ ಮಂಡಿಯೂರಿ ಕೂತು ಗಿರಣಿಯಮ್ಮನ ಬಲಗೈಯನ್ನು ಮಡಿಲಿಂದ ತಾನೇ ಎತ್ತಿ ಆ ಎರಡು ಬೆರಳನ್ನು ತನ್ನ ಗಂಟಲ ಮೇಲೆ, ಬೆಳಗಿನ ಗುರುತಿನ ಮೇಲೇ, ಇಟ್ಟುಕೊಂಡಳು, ತುಟಿಯಲ್ಲಷ್ಟೇ ಅಲ್ಲ, ದನಿ ಬಿಟ್ಟು, ಬೆರಳಿಗೂ ಕೇಳಲಿ ಎಂದು, ದೊಡ್ಡಮ್ಮ, ಫೋನು ಬರಲ್ಲ, ಆ ಬಸ್ಸಲ್ಲಿ ಮಗಳು ಬರ್ತಿದ್ದಾಳೆ, ನೀನು ಬಾಗಿಲು ತೆಗೆಯಲ್ಲ ಅಂದೆ, ನಾನು ತೆಗೆದಿರುತ್ತೆ ಅಂದೆ, ಮೊದಲ ದಿನದಿಂದ ಹೀಗೇ, ನೀನು ಸತ್ತಿಲ್ಲ ಅಂದೆ, ನಾನು ಚೆನ್ನಾಗಿದ್ದೀನಿ ಅಂದೆ, ನೀನು ಒಂದಂದ್ರೆ ನಾನು ಹತ್ತು ಅಂದೆ, ಬೈಯೋದಿದ್ರೆ ನನ್ನ ಬೈಯಿ, ಅವಳನ್ನ ಏನೂ ಅನ್ನಬೇಡ. ದನಿ ಒಡೆಯಿತು, ಬೆರಳಿಗೆ ಅದೂ ಗೊತ್ತಾಗಿರಬೇಕು, ಬೆರಳು ಅಲುಗಲಿಲ್ಲ. ಗಿರಣಿಯಮ್ಮ ಇವಳ ಮುಖವನ್ನು ನೋಡಲೂ ಇಲ್ಲ, ರಸ್ತೆಯನ್ನೇ ನೋಡುತ್ತ ತುಟಿ ಆಡಿಸಿದಳು, ಗೊತ್ತು. ನಾನು ಹಾಕ್ತಿದ್ದದ್ದು ಗಟ್ಟಿ ಕಾಳು, ನಿನ್ನ ಗಂಟಲಲ್ಲಿ ಬೀಳ್ತಿದ್ದದ್ದು ನುಣ್ಣಗಿನ ಹಿಟ್ಟು, ನಲವತ್ತು ವರ್ಷದ ಬೆರಳಿಗೆ ಅಷ್ಟೂ ತಿಳಿಯಲ್ವಾ. ಮತ್ತೆ ಯಾಕೆ ಸುಮ್ಮನಿದ್ದೆ ದೊಡ್ಡಮ್ಮ. ಕಾಳು ಹಾಕೋದು ನನ್ನ ಕೆಲಸ, ಬೀಸೋದು ಕಲ್ಲಿನ ಕೆಲಸ, ಯಾಕೆ ಬೀಸಿದೆ ಅಂತ ಕಲ್ಲನ್ನ ಯಾರಾದ್ರೂ ಕೇಳ್ತಾರಾ. ತಾನು ಕಲ್ಲು. ಐದು ವರ್ಷ ಈಕೆಗೆ ಚಳ್ಳೆಹಣ್ಣು ತಿನ್ನಿಸಿದೆ ಎಂದು ಬೀಗಿದ್ದೇನು, ತಿಂದವರು ಯಾರು, ಆ ಕಡೆ ನುಣ್ಣಗಾಗಿ ಬೀಳುತ್ತದೆ ಎನ್ನುವ ಧೈರ್ಯದಲ್ಲೇ ಈಕೆ ಈ ಕಡೆ ಗಟ್ಟಿ ಕಾಳು ಸುರಿದಳೇ, ನಗು ಬಂತು, ಅಳುವೂ ಬಂತು, ಎರಡೂ ಗಂಟಲಲ್ಲೇ ಸಿಕ್ಕಿಕೊಂಡವು, ಅದನ್ನೂ ಬೆರಳು ಓದಿರಬೇಕು. ಆದರೆ ಬಾಗಿಲು, ದೊಡ್ಡಮ್ಮ, ಬಾಗಿಲು ತೆಗೀತೀಯಾ ಇಲ್ವಾ. ಬಸ್ಸಿನ ಹಾರನ್ನು ಇವಳಿಗೆ ಕೇಳಿತು, ಆಕೆಗೆ ಬೆಂಚಿನ ಕಲ್ಲಿನಲ್ಲಿ ಅದುರಿತು, ಆಕೆ ಬೆರಳು ತೆಗೆದಳು, ತುಟಿ ಆಡಿತು, ಇವತ್ತು ನೀನು ಸುಮ್ಮನಿರು. ಉತ್ತರ ಅಷ್ಟೇ.

ಬಸ್ಸು ನಿಂತಿತು, ಧೂಳು ಮುಂದಕ್ಕೆ ಬಂದು ಇಬ್ಬರನ್ನೂ ಮುಚ್ಚಿತು, ಧೂಳಿನೊಳಗಿಂದ ಒಂದು ಕಾಲು, ಒಂದು ಚೀಲ, ಆಮೇಲೆ ಅವಳು, ಐದು ವರ್ಷದ ದನಿಗೆ ಈಗ ಮುಖ, ಸ್ವಲ್ಪ ಸೊರಗಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ಕೈಗಳು ಮಾತ್ರ ಅವೇ, ಅವಳ ಕಣ್ಣು ಇವಳನ್ನು ದಾಟಿ ಬೆಂಚಿನಿಂದ ಎದ್ದು ನಿಂತವಳ ಮೇಲೆ ನಿಂತಿತು. ನಡುವೆ ನಿಲ್ಲಲು ಅಳೆದಿಟ್ಟ ಜಾಗದಿಂದ ಫೋನಕ್ಕ ಎರಡು ಹೆಜ್ಜೆ ಹಿಂದೆ ಸರಿದಳು, ಕಾಲಿಗೆ ತಾನೇ ಗೊತ್ತಿತ್ತು, ತಿರುಗಿ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಂತಳು, ಕಟ್ಟಳೆ ಎಂದರೆ ಕಟ್ಟಳೆ, ಮಾತಾಡುವವರು ಮಾತಾಡಿಕೊಳ್ಳಲಿ. ಸುಣ್ಣ ಬಿಟ್ಟುಕೊಂಡ ಗೋಡೆ, ಒಂದು ಇರುವೆ ಸಾಲು, ಒಂದು ಹಳೆಯ ಮೊಳೆ. ಕಿವಿ ಕಾಯುತ್ತದೆ. ಏನೂ ಇಲ್ಲ. ಐದು ವರ್ಷದಲ್ಲಿ ಬೆನ್ನು ಹಾಕಿಯೂ ಒಂದು ಮಾತೂ ಕೇಳಿಸದೇ ಹೋದದ್ದು ಇದೇ ಮೊದಲು, ಹೇಗೆ ಕೇಳಿಸೀತು, ಗಿರಣಿ ಮಾತು, ತುಟಿ ಮಾತ್ರ, ಅಲ್ಲಿ ಏನು ಬೀಳುತ್ತಿದೆ, ಕಾಳೋ ಹಿಟ್ಟೋ, ಬಸ್ಸಿನ ಮೋಟಾರು ಗ್ರ್ ಗ್ರ್ ಎನ್ನುತ್ತಲೇ ಇದೆ, ಕಂಡಕ್ಟರು ಯಾರನ್ನೋ, ಹತ್ತೋದಿದ್ರೆ ಹತ್ತಮ್ಮ ಎನ್ನುತ್ತಿದ್ದಾನೆ, ಯಾರನ್ನು, ಅವಳನ್ನೇ, ಇಳಿದವಳು ಇನ್ನೂ ಬಾಗಿಲ ಹತ್ತಿರವೇ ನಿಂತಿರಬೇಕು, ಹತ್ತಬೇಡ ತಾಯಿ, ಹತ್ತಬೇಡ, ತಿರುಗಬಾರದು, ತಿರುಗಬಾರದು, ಇರುವೆಗಳು ಮೊಳೆಯನ್ನು ಸುತ್ತಿಕೊಂಡು ಹೋದವು — ಆಗ ದನಿ. ಅಮ್ಮಾ. ಹುಡುಗಿಯ ದನಿ, ತುಟಿಯದಲ್ಲ, ಗಂಟಲಿನದು, ಒರಟು, ಬಹಳ ದಿನ ಬಳಸದ ಬಾಗಿಲು ತೆಗೆದ ಹಾಗೆ, ಕಿವಿ ಇಲ್ಲದವಳ ಮುಂದೆ ದನಿ ತೆಗೆದು ಯಾಕೆ, ತುಟಿಯಾಡಿಸಿದರೆ ಸಾಲದೇ, ಯಾಕೆ ಎಂದು ಇವಳ ಗಂಟಲಿಗೆ ಗೊತ್ತು, ಇವಳ ಗಂಟಲಿಗೆ ಮಾತ್ರ ಗೊತ್ತು, ಅಲ್ಲಿ ಈಗ ತಣ್ಣಗೆ ಏನೂ ಇಲ್ಲ, ಮತ್ತೆ, ಅಮ್ಮಾ ಬಂದೆ, ಮತ್ತೆ ಅಮ್ಮಾ, ಕಟ್ಟಳೆ ಮುರಿಯಿತು, ತಿರುಗಿದಳು. ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿದೆ, ಯಾರಿಗೋ ಯಾರೋ ಬೇಕು, ಬಡಿದುಕೊಳ್ಳಲಿ, ಬಸ್ಸು ಹೋಗುತ್ತಿದೆ, ಹೋಗಲಿ, ಧೂಳು ಇಳಿಯುತ್ತಿದೆ, ಹುಡುಗಿ ತಲೆ ಸ್ವಲ್ಪ ಹಿಂದಕ್ಕೆ ಮಾಡಿ ನಿಂತಿದ್ದಾಳೆ, ಅವಳ ಗಂಟಲ ಮೇಲೆ ಎರಡು ಬೆರಳು, ತಾಯಿಯ ಕಣ್ಣು ಮುಚ್ಚಿದೆ, ಎರಡು ಬೆರಳು, ಅಲುಗದೆ, ಅಲ್ಲೇ, ಹಿಟ್ಟಿನ ಎರಡು ಬೆರಳು.